ಅರವತ್ತೆರಡು ಕನಸಿನ ಗಂಟು

ಕನಸನ್ನು ಗಂಟು ಕಟ್ಟಿ ಸಂದೇಶದ ಜೊತೆ ಕಳಿಸುವಂತಾದರೆ? ನಾನು ಶಾಲೆಗೆ ಹೋಗುವಾಗ ಯಾರಾದರೂ ಹೀಗೆ ಕೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ಈಗ ಅದೇ ನನ್ನ ಹೊಟ್ಟೆಪಾಡು. ದಿನಾ ಬೆಳಗ್ಗೆ ಎಂಟಕ್ಕೆ ಚಹಾದ ಲೋಟ ಹಿಡಿದು ಪರದೆಯ ಮುಂದೆ ಕೂರುತ್ತೇನೆ. ನೆಲದ ಕೆಳಗಿನಿಂದ ಹನ್ನೆರಡು ಸಂದೇಶಗಳು ಮೇಲೆ ಬರುತ್ತವೆ. ಒಂದೊಂದರ ಜೊತೆ ಒಂದೊಂದು ಗಂಟು, ಒಂದೊಂದು ಗಂಟಿನಲ್ಲಿ ಒಬ್ಬೊಬ್ಬರ ರಾತ್ರಿ.

ನಮ್ಮ ನಿದ್ರಾಶಾಲೆ ಇರುವುದು ಗದಗಿನಾಚೆಯ ಗುಡ್ಡದಲ್ಲಿ, ಯಾವ ಕಾಲದಲ್ಲೋ ಮುಚ್ಚಿಹೋದ ಚಿನ್ನದ ಗಣಿಯೊಳಗೆ. ಸುತ್ತಲಿನವರು ಅದನ್ನು ‘ಮಲಗೋ ಮನಿ’ ಅನ್ನುತ್ತಾರೆ. ತಲೆಗೆ ಬಲವಾದ ಪೆಟ್ಟು ಬಿದ್ದವರನ್ನು ಇಲ್ಲಿ ಔಷಧಿ ಕೊಟ್ಟು ತಿಂಗಳುಗಟ್ಟಲೆ ಮಲಗಿಸುತ್ತಾರೆ. ಆ ನಿದ್ದೆಯಲ್ಲಿ ಮಿದುಳು ತನ್ನ ಗಾಯವನ್ನು ತಾನೇ ಹೊಲಿದುಕೊಳ್ಳುತ್ತದೆ. ಕಷ್ಟ ಇರುವುದು ಎಬ್ಬಿಸುವುದರಲ್ಲಿ. ಅಷ್ಟು ಆಳಕ್ಕೆ ಇಳಿದವರು ಔಷಧಿ ನಿಲ್ಲಿಸಿದ ಮಾತ್ರಕ್ಕೆ ಎಚ್ಚರಾಗುವುದಿಲ್ಲ. ಕನಸಿನೊಳಗೆ ಅವರು ಎಲ್ಲಿದ್ದಾರೋ ಅಲ್ಲಿಗೆ ಕೇಳಿಸುವ ಹಾಗೆ ಮನೆಯವರು ಕರೆಯಬೇಕು. ಹೊಳೆಯಲ್ಲಿ ಈಜುತ್ತಿದ್ದರೆ ದಡದಿಂದ ಕರೆಯಬೇಕು, ಮಾಳಿಗೆಯ ಮೇಲೆ ಕೂತಿದ್ದರೆ ಅಂಗಳದಿಂದ ಕರೆಯಬೇಕು.

ಅದಕ್ಕೆ ಮೊದಲು ಕನಸು ಗೊತ್ತಾಗಬೇಕಲ್ಲ. ಮಲಗಿದವರ ತಲೆಗೊಂದು ಟೊಪ್ಪಿಗೆ ಹಾಕಿರುತ್ತಾರೆ, ಅದು ರಾತ್ರಿಯ ಕನಸನ್ನು ಹಿಡಿದಿಡುತ್ತದೆ. ಮೇಲಿನ ಲೋಕದ ವಿದ್ಯುತ್ತಿನ ಗದ್ದಲ ಆ ಟೊಪ್ಪಿಗೆಗೆ ಆಗಿಬರುವುದಿಲ್ಲ. ಅದಕ್ಕೇ ಈ ಗಣಿ, ಅದಕ್ಕೇ ತಲೆಯ ಮೇಲೆ ಇಷ್ಟೊಂದು ಕಲ್ಲು. ಕೆಳಗಿನ ಯಂತ್ರ ರಾತ್ರಿಯಿಡೀ ಬಾಯಿ ಮುಚ್ಚಿಕೊಂಡಿದ್ದು, ಬೆಳಗಾದ ಮೇಲೆ ಕನಸನ್ನು ಒತ್ತಿ ಮಡಿಸಿ ಗಂಟು ಕಟ್ಟಿ, ಸಂದೇಶಕ್ಕೆ ಅಂಟಿಸಿ ನನಗೆ ಕಳಿಸುತ್ತದೆ. ಗಂಟು ಬಿಚ್ಚುವವಳು ನಾನು, ಇಂದುಮತಿ ಬಳಿಗಾರ.

ಮೊದಮೊದಲು ಕೈಯಿಂದಲೇ ಬಿಚ್ಚುತ್ತಿದ್ದೆ. ಸಂದೇಶ ತೆರೆಯಬೇಕು, ಗಂಟು ಇಳಿಸಬೇಕು, ಬಿಚ್ಚಬೇಕು, ಒಳಗಿನ ಫೈಲನ್ನು ಅವರವರ ಕಪಾಟಿಗೆ ಹಾಕಬೇಕು. ನನಗೆ ಮೈಗಳ್ಳತನ ಜಾಸ್ತಿ, ಸುಳ್ಳು ಯಾಕೆ ಹೇಳಲಿ. ಒಂದು ಮಧ್ಯಾಹ್ನ ಕೂತು ಹದಿನಾಲ್ಕು ಸಾಲಿನ ಪುಟ್ಟ ಶೆಲ್ ಸ್ಕ್ರಿಪ್ಟ್, ಅಂದರೆ ಯಂತ್ರ ತಾನೇ ಓದಿಕೊಂಡು ನಡೆಸುವ ಆಜ್ಞೆಗಳ ಪಟ್ಟಿ, ಬರೆದುಬಿಟ್ಟೆ. ಅದಕ್ಕೆ ‘ಬಿಚ್ಚು’ ಅಂತಲೇ ಹೆಸರಿಟ್ಟೆ. ಅದು ಟಪಾಲು ಪೆಟ್ಟಿಗೆಗೆ ಹೋಗಿ ಒಂದೊಂದೇ ಗಂಟು ಬಿಚ್ಚಿ, ಒಳಗಿನ ಫೈಲಿನ ಹೆಸರಿನಲ್ಲಿ ಮೊದಲು ಸಿಗುವ ಅಂಕಿ ಓದಿ, ಇದು ಇಷ್ಟನೆಯ ರಾತ್ರಿಯದು ಎಂದು ತಿಳಿದು, ಆ ಅಂಕಿಯ ಖಾನೆಗೆ ಹಾಕುತ್ತಿತ್ತು. ಗಣಿಯ ತಂತಿ ಹಳೆಯದು, ಒಂದೇ ಸಂದೇಶ ಎರಡು ಮೂರು ಸಲ ಬಂದುಬಿಡುವುದುಂಟು. ಹಾಗಾಗಿ ಇನ್ನೊಂದು ಜಾಣತನ ಸೇರಿಸಿದ್ದೆ: ಖಾನೆಯಲ್ಲಿ ಆಗಲೇ ಒಂದು ಕನಸು ಕೂತಿದ್ದರೆ ಹೊಸದನ್ನು ಬಿಟ್ಟು ಸುಮ್ಮನೆ ಮುಂದಕ್ಕೆ ಹೋಗು. ಕಪಾಟಿನಲ್ಲಿ ತುಂಬಿದ ಕೊನೆಯ ಖಾನೆಯಲ್ಲಿ ಯಾವ ಕನಸಿರುತ್ತದೋ ಅದನ್ನೇ ಮನೆಯವರಿಗೆ ತೋರಿಸುತ್ತಿದ್ದೆವು. ಎಲ್ಲರೂ ಭೇಷ್ ಅಂದರು, ನಾನೂ ಸಾಕಷ್ಟು ಉಬ್ಬಿದೆ.

ಆ ಉಬ್ಬು ಇಳಿಸಿದವಳು ದುರ್ಗವ್ವ.

ದುರ್ಗವ್ವ ಬಸ್ ಕಂಡಕ್ಟರ್. ಓಡುವ ಬಸ್ಸಿನ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ನಿಂತೇ ದುಡಿದವಳು, ಒಂದು ದಿನ ತನ್ನ ಮನೆಯ ಮೆಟ್ಟಿಲಿನಿಂದ ಜಾರಿ ಬಿದ್ದು ತಲೆ ಒಡೆದುಕೊಂಡಳು. ಗಂಡ ಫಕೀರಪ್ಪನದು ಹಿಟ್ಟಿನ ಗಿರಣಿ. ಗಿರಣಿಯ ಸದ್ದಿನಲ್ಲಿ ಬದುಕಿದ ಮನುಷ್ಯ, ಅವನು ಗುಟ್ಟು ಹೇಳಿದರೂ ಓಣಿಗೆಲ್ಲ ಕೇಳಿಸುತ್ತದೆ. ಗಿರಣಿಗೆ ಬೀಗ ಜಡಿದು, ಗುಡ್ಡದ ಕೆಳಗೆ ಒಂದು ಕೋಣೆ ಹಿಡಿದು ಉಳಿದಿದ್ದ. ದಿನಾ ಹತ್ತಕ್ಕೆ ಬಂದು ಕನಸು ತೋರಿಸುವ ಮುಸುಕನ್ನು ತಲೆಗೆ ಹಾಕಿಕೊಂಡು ಹೆಂಡತಿಯ ಕನಸು ನೋಡುತ್ತಿದ್ದ. ಆಮೇಲೆ ಕೆಳಗಿನ ಕೋಣೆಗೆ ಕೇಳಿಸುವ ಮೈಕಿನ ಮುಂದೆ ಕೂತು ಶುರು ಮಾಡುತ್ತಿದ್ದ: “ಏಳು ದುರ್ಗಿ! ಏಳು! ಏಳು!” ನನ್ನ ಮೇಜಿನ ಮೇಲಿನ ಲೋಟ ನಡುಗುತ್ತಿತ್ತು.

ಅವಳ ಕನಸು ಹೀಗಿತ್ತು. ಒಂದು ಬಸ್ ನಿಲ್ದಾಣ. ಜನರಿಲ್ಲ, ಬಸ್ಸಿಲ್ಲ. ಬೆಳಕು ಇದೆ, ಅದು ಬೆಳಗಿನದೋ ಸಂಜೆಯದೋ ಹೇಳಲು ಬರುವುದಿಲ್ಲ. ಊರುಗಳ ಹೆಸರು ಬರೆಯುವ ಫಲಕ ಬೋಳಾಗಿದೆ. ಕಲ್ಲು ಬೆಂಚಿನ ಮೇಲೆ ದುರ್ಗವ್ವ ಖಾಕಿ ಅಂಗಿ ತೊಟ್ಟು, ತೊಡೆಯ ಮೇಲೆ ಚರ್ಮದ ಚೀಲ ಇಟ್ಟುಕೊಂಡು ಕೂತಿದ್ದಾಳೆ. ಎಲ್ಲಿಂದಲೋ ಹತ್ತಿಯ ಎಳೆಗಳು ತೇಲಿ ಬರುತ್ತವೆ. ಒಂದು ಅವಳ ಮೊಣಕಾಲಿನ ಮೇಲೆ ಕೂರುತ್ತದೆ. ಅವಳು ಬಳೆಯನ್ನು ಒಮ್ಮೆ ತಿರುಗಿಸಿಕೊಳ್ಳುತ್ತಾಳೆ. ಅಲ್ಲಿಗೆ ಮುಗಿಯಿತು. ಮೊದಲ ದಿನ ನೋಡಿದಾಗ ನನಗೂ ಆ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದು ಬರೋಣ ಅನ್ನಿಸಿತ್ತು.

ಮರುದಿನವೂ ಅದೇ ನಿಲ್ದಾಣ, ಅದರ ಮರುದಿನವೂ ಅದೇ. ತಿಂಗಳು ಕಳೆಯಿತು, ಎರಡು ತಿಂಗಳು ಕಳೆಯಿತು. ಅರವತ್ತೆರಡನೆಯ ದಿನ ಬೆಳಗ್ಗೆ ನಮ್ಮ ದೊಡ್ಡ ಡಾಕ್ಟರು ವೈಜಯಂತಿ ಪುರಾಣಿಕ ನನ್ನ ಕೋಣೆಗೆ ಬಂದರು.

“ಇಂದುಮತಿ, ದುರ್ಗವ್ವಂದು ಇವತ್ತೂ ಅದೇ ಕನಸಾ?”

“ಹೌದ್ರಿ ಮೇಡಂ, ಅದೇ.”

“ಇದಕ್ಕ ಸುತ್ತುಗನಸು ಅಂತೀವಿ. ಗಾಯ ಮಾಯಲಿಲ್ಲ, ಮಿದುಳು ಒಂದೇ ಕಡೆ ನಿಂತುಬಿಟ್ಟೈತಿ. ಇನ್ನ ಎಷ್ಟ್ ಕರದ್ರೂ ಉಪಯೋಗಿಲ್ಲ. ಸಂಜಿ ಐದಕ್ಕ ಸಹಿ ಮಾಡ್ತೀನಿ. ಅವರನ್ನ ಒಳಗಿನ ಕೋಣಿಗೆ ಕಳಸೋಣ.”

ಒಳಗಿನ ಕೋಣೆ ಅಂದರೆ ಏನೆಂದು ಇಲ್ಲಿಯ ಗೋಡೆಗಳಿಗೂ ಗೊತ್ತು. ಅಲ್ಲಿ ಟೊಪ್ಪಿಗೆ ಇಲ್ಲ, ಮೈಕು ಇಲ್ಲ. ಉಸಿರಿಗೊಂದು ನಳಿಗೆ, ಊಟಕ್ಕೊಂದು ನಳಿಗೆ. ಅಲ್ಲಿಗೆ ಹೋದವರನ್ನು ಯಾರೂ ಕರೆಯುವುದಿಲ್ಲ, ಕರೆಯದೆ ಇಲ್ಲಿವರೆಗೆ ಯಾರೂ ಎಚ್ಚರಾಗಿಲ್ಲ.

“ಫಕೀರಪ್ಪನವರಿಗೆ ನೀವೇ ಹೇಳ್ರಿ. ನಿಮ್ಮ ಮಾತು ಕೇಳ್ತಾರ,” ಅಂದು ಅವರು ಹೊರಟರು. ಕಷ್ಟದ ಮಾತೆಲ್ಲ ನನ್ನ ತಲೆಗೆ ಕಟ್ಟುವುದು ಅವರ ಹಳೆಯ ಚಾಳಿ.

ಮಧ್ಯಾಹ್ನ ಅವನ ಕೋಣೆಗೆ ಹೋದೆ. ಅವನು ನೆಲಕ್ಕೆ ಕೂತು ರೊಟ್ಟಿ ಬಡಿಯುತ್ತಿದ್ದ. ಗೋಡೆಯ ಗೂಟಕ್ಕೆ ಇಸ್ತ್ರಿ ಮಾಡಿದ ಸೀರೆ ತೂಗುತ್ತಿತ್ತು, ಎದ್ದ ದಿನ ಉಡಲಿ ಎಂದು ತಂದಿಟ್ಟದ್ದು.

“ಬರ್ರಿ ಅಕ್ಕಾರ, ಬಿಸಿ ರೊಟ್ಟಿ ಐತಿ, ಶೇಂಗಾ ಚಟ್ನಿ ಐತಿ. ಕೂಡ್ರಿ, ಊಟ ಮಾಡ್ರಿ.”

ನಾನು ಕೂತೆ. ಒಂದು ತುತ್ತು ತಿಂದೆ. ಎರಡನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳಬೇಕಾದ್ದನ್ನೆಲ್ಲ ಹೇಳಿಬಿಟ್ಟೆ. ಅವನು ಒಲೆ ಆರಿಸಿದ. ಎಷ್ಟೋ ಹೊತ್ತು ಹಿಟ್ಟಿನ ಕೈ ಒರೆಸಿಕೊಳ್ಳುತ್ತಾ ಕೂತ. ನನಗೆ ಅಳು ಬಂತು, ನುಂಗಿಕೊಂಡೆ. ಅವನ ಎದುರು ನಾನು ಅತ್ತರೆ ಅವನು ಯಾರ ಎದುರು ಅಳಬೇಕು?

“ಅಕ್ಕಾರ, ನಾ ಏನೂ ಓದಿದಾಂವ ಅಲ್ಲ,” ಅಂದ ಕೊನೆಗೆ. “ಆದ್ರ ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಒಂದೇ ಚೀಲದ ಜ್ವಾಳ ಎರಡು ಸಲ ಬೀಸಿದ್ರೂ ಹಿಟ್ಟು ಬ್ಯಾರೆ ಬ್ಯಾರೆ ಬೀಳತೈತಿ. ಕನಸು ಅದೇ ಇರಲಿ, ಬೆಂಚೂ ಅದೇ ಇರಲಿ. ಆದ್ರ ಎರಡು ತಿಂಗಳಾತು, ಆ ಹತ್ತಿ ಎಳಿ ದಿನಾ ಅದೇ ಮೊಣಕಾಲ ಮ್ಯಾಲ, ಅದೇ ಜಾಗಾಕ್ಕ ಬೀಳತೈತಲ್ರಿ. ಗಾಳಿಗೂ ಬ್ಯಾರೆ ಕೆಲಸ ಇಲ್ಲೇನ್ರಿ?”

ನಾನು ರೊಟ್ಟಿಯನ್ನು ತಟ್ಟೆಯಲ್ಲಿಟ್ಟೆ. ಅರವತ್ತೆರಡು ದಿನ ಗಂಟು ಬಿಚ್ಚಿದವಳು ನಾನು, ಇಷ್ಟು ಸಾದಾ ಪ್ರಶ್ನೆ ನನಗೆ ಯಾಕೆ ಹೊಳೆಯಲಿಲ್ಲ?

“ಅಣ್ಣಾರ, ಏಳ್ರಿ ಮ್ಯಾಲ. ನನ್ನ ಜೋಡಿ ಬರ್ರಿ,” ಅಂದೆ. ಕೈ ತೊಳೆದುಕೊಳ್ಳಲೂ ಪುರಸೊತ್ತು ಕೊಡದೆ ಅವನನ್ನು ಗುಡ್ಡ ಹತ್ತಿಸಿದೆ.

ಕೋಣೆಗೆ ಬಂದು ದುರ್ಗವ್ವನ ಕಪಾಟು ತೆರೆದೆ. ಅಲ್ಲಿ ಅರವತ್ತೆರಡು ಖಾನೆ ತುಂಬಿರಬೇಕಿತ್ತು. ತುಂಬಿದ್ದದ್ದು ಒಂದೇ, ಒಂಬತ್ತನೆಯ ಖಾನೆ. ಅದರಲ್ಲಿದ್ದ ಕನಸಿನ ತಾರೀಖು ಮೊದಲ ರಾತ್ರಿಯದು. ಟಪಾಲು ಪೆಟ್ಟಿಗೆ ನೋಡಿದೆ. ಅರವತ್ತೆರಡು ಸಂದೇಶಗಳು ಅಚ್ಚುಕಟ್ಟಾಗಿ ಕೂತಿದ್ದವು, ಅರವತ್ತೆರಡು ಗಂಟುಗಳೂ ಇದ್ದವು. ಒಂದರ ಗಾತ್ರ ಇನ್ನೊಂದಕ್ಕಿಲ್ಲ. ಅಂದರೆ ದಿನಕ್ಕೊಂದು ಹೊಸ ಕನಸು ಬಂದಿದೆ, ನನ್ನ ‘ಬಿಚ್ಚು’ ಅದನ್ನು ಬಾಗಿಲಲ್ಲೇ ನಿಲ್ಲಿಸಿದೆ!

ಫೈಲಿನ ಹೆಸರು ಓದಿದೆ: ದುಗ೯ವ್ವ-೧. ಮುಂದಿನದು ದುಗ೯ವ್ವ-೨. ದುಗ೯ವ್ವ-೩. ಸರಿಯಾಗಿಯೇ ಇದೆಯಲ್ಲ! ಮತ್ತೊಮ್ಮೆ ಓದಿದೆ. ಏನೂ ಕಾಣಲಿಲ್ಲ. ಕೊನೆಗೆ ಆ ಹೆಸರನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳು ಎಂದು ಯಂತ್ರಕ್ಕೆ ಆಜ್ಞೆ ಕೊಟ್ಟೆ. ಅದು ತನ್ನ ತಣ್ಣನೆಯ ದನಿಯಲ್ಲಿ ಹೇಳಿತು: ದು, ಗ, ಒಂಬತ್ತು, ವ್ವ.

ಅಯ್ಯೋ ದೇವರೇ.

ಹೆಸರು ದಾಖಲು ಮಾಡುವವರು ಸಂಗನಬಸಯ್ಯ. ಇಲ್ಲಿಗೆ ಬರುವ ಮೊದಲು ಮೂವತ್ತು ವರ್ಷ ಲಗ್ನಪತ್ರಿಕೆಯ ಅಂಗಡಿಯಲ್ಲಿ ಟೈಪು ಮಾಡಿದವರು. ಅಕ್ಷರದ ಬಲಕ್ಕೆ ಕೂಡುವ ಅರ್ಕಾವತ್ತು ನೋಡಲು ಕನ್ನಡದ ಒಂಬತ್ತರ ಹಾಗೇ ಇರುತ್ತದಲ್ಲ, ಅದು ಬೇಗ ಸಿಗದಿದ್ದರೆ ಒಂಬತ್ತನ್ನೇ ಒತ್ತಿ ಮುಂದೆ ಹೋಗುವುದು ಆ ಅಂಗಡಿಗಳ ರೂಢಿ. ಕಾಯ೯ಕ್ರಮ, ಆಶೀವಾ೯ದ, ಧಮ೯ಪತ್ನಿ. ಊರಿನ ಅರ್ಧ ಲಗ್ನಪತ್ರಿಕೆಗಳಲ್ಲಿ ಈ ಒಂಬತ್ತು ಕೂತಿದೆ, ಅದರಿಂದ ಯಾರ ಲಗ್ನವೂ ನಿಂತಿಲ್ಲ. ಮನುಷ್ಯರ ಕಣ್ಣು ಅದನ್ನು ದುರ್ಗವ್ವ ಎಂದೇ ಓದುತ್ತದೆ. ಸ್ಕ್ರಿಪ್ಟಿಗೆ ಕಣ್ಣಿಲ್ಲ. ಹೆಸರಿನಲ್ಲಿ ಮೊದಲು ಸಿಗುವ ಅಂಕಿ ಅಂದರೆ ಒಂಬತ್ತು, ಮೊದಲ ರಾತ್ರಿಯೂ ಒಂಬತ್ತು, ನಲವತ್ತನೆಯ ರಾತ್ರಿಯೂ ಒಂಬತ್ತು. ಖಾನೆ ತುಂಬಿದೆ, ಮುಂದಕ್ಕೆ ಹೋಗು. ಮಲಗಿದ್ದ ಉಳಿದ ಹನ್ನೊಂದು ಮಂದಿಯ ಹೆಸರಿನಲ್ಲಿ ಅರ್ಕಾವತ್ತೇ ಇರಲಿಲ್ಲ, ಅವರು ಬಚಾವಾದರು.

ಸಂಗನಬಸಯ್ಯನವರನ್ನು ಬೈಯಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅವರು ಒತ್ತಿದ್ದು ಒಂದು ತಪ್ಪು ಗುಂಡಿ. ಎರಡು ತಿಂಗಳು ಕಪಾಟು ತೆರೆದು ನೋಡದೆ ಚಹಾ ಕುಡಿದವಳು ನಾನು. ಫಕೀರಪ್ಪನ ಮುಖ ನೋಡಲು ಧೈರ್ಯ ಬರಲಿಲ್ಲ, ಪರದೆಯನ್ನೇ ನೋಡುತ್ತಾ ಎಲ್ಲ ಹೇಳಿ ಒಪ್ಪಿಕೊಂಡೆ. ಅವನು ಬೈಯಲಿಲ್ಲ.

“ಹಂಗಾದ್ರ ಅಕಿ ಬೆಂಚಿನ ಮ್ಯಾಲ ಕುಂತಿಲ್ಲೇನ್ರಿ?” ಎಂದಷ್ಟೇ ಕೇಳಿದ.

“ಗೊತ್ತಿಲ್ಲ ಅಣ್ಣಾರ. ನೋಡೋಣು.”

ಒಂಬತ್ತನೆಯ ಖಾನೆಯಲ್ಲಿದ್ದದ್ದನ್ನು ಮೊದಲನೆಯದಕ್ಕೆ ಸರಿಸಿ, ಸ್ಕ್ರಿಪ್ಟಿನ ಒಂದು ಸಾಲು ಬದಲಿಸಿದೆ. ಮೊದಲು ಸಿಗುವ ಅಂಕಿ ಅಲ್ಲ, ಅಡ್ಡಗೆರೆಯ ಆಚೆಗಿರುವ ಅಂಕಿ. ‘ಬಿಚ್ಚು’ ಎಂದು ಟೈಪು ಮಾಡಿ ಗುಂಡಿ ಒತ್ತಿದೆ. ಪರದೆಯ ಮೇಲೆ ಸಾಲುಗಳು ಒಂದರ ಕೆಳಗೊಂದು ಇಳಿದವು, ಎರಡನೆಯ ರಾತ್ರಿ, ಮೂರನೆಯ ರಾತ್ರಿ, ನಾಲ್ಕನೆಯ ರಾತ್ರಿ. ಎರಡು ತಿಂಗಳು ಮಡಚಿಕೊಂಡು ಬಿದ್ದಿದ್ದ ರಾತ್ರಿಗಳು ಒಂದೊಂದಾಗಿ ಕಾಲು ಚಾಚಿ ತಮ್ಮ ತಮ್ಮ ಖಾನೆಗಳಲ್ಲಿ ಕೂತವು. ಗಡಿಯಾರದಲ್ಲಿ ಮೂರೂವರೆ. ಕನಸುಗಳು ಒಳಗಿದ್ದವರಿಗೆ ಉದ್ದ, ಹೊರಗಿನಿಂದ ನೋಡಿದರೆ ಒಂದೊಂದು ನಿಮಿಷ ಅಷ್ಟೇ. ಡಾಕ್ಟರಿಗೆ ಹೇಳಿ ಕಳಿಸಿದೆ. ಅವರು ಬರುವಷ್ಟರಲ್ಲಿ ನಾವಿಬ್ಬರೂ ಮುಸುಕು ಹಾಕಿಕೊಂಡಾಗಿತ್ತು.

ಎರಡನೆಯ ರಾತ್ರಿ ಬಸ್ಸು ಬಂದಿತ್ತು.

ಡ್ರೈವರ್ ಸೀಟು ಖಾಲಿ, ಆದರೂ ಬಸ್ಸು ಬಂದು ಅವಳ ಮುಂದೆ ನಿಂತಿತು. ದುರ್ಗವ್ವ ಮೊಣಕಾಲಿನ ಹತ್ತಿ ಕೊಡವಿ ಎದ್ದಳು, ಹತ್ತಿದಳು, ಸೀಟಿ ಊದಿದಳು. ಮೂರನೆಯ ರಾತ್ರಿ ಬಸ್ಸು ಅರಳಿದ ಹತ್ತಿಹೊಲದ ಮೇಲೆ ಹೋಗುತ್ತಿತ್ತು, ಗಾಲಿ ನೆಲಕ್ಕೆ ತಾಗುತ್ತಿರಲಿಲ್ಲ, ಸದ್ದೂ ಇರಲಿಲ್ಲ. ಎಂದೋ ತೀರಿಹೋದ ಅವಳ ಅಜ್ಜಿ ಕಂಕುಳಲ್ಲಿ ಕೋಳಿ ಹಿಡಿದು ಕಿಟಕಿಯ ಪಕ್ಕ ಕೂತಿದ್ದಳು. ನಾಲ್ಕನೆಯ ರಾತ್ರಿ ಬುಧವಾರ ಎಂಬ ಸ್ಟಾಪು ಬಂತು, ಅಲ್ಲಿ ಇಳಿದವರೆಲ್ಲ ಒದ್ದೆ ಕೈ ಬೀಸಿ ಹೋದರು. ಐದನೆಯ ರಾತ್ರಿ ಬಸ್ಸು ಕೆರೆಯೊಳಗೆ ಇಳಿಯಿತು. ಕಿಟಕಿಯಿಂದ ಮೀನುಗಳು ಒಳಬಂದು ಸರಳಿನ ಸುತ್ತ ತಿರುಗಿದವು, ದುರ್ಗವ್ವ ಅವುಗಳನ್ನು ಎಣಿಸಿ ಅರ್ಧ ಟಿಕೆಟ್ ಕೊಟ್ಟಳು. ಫಕೀರಪ್ಪ ಮುಸುಕಿನೊಳಗೇ ನಕ್ಕ. “ಮೀನಕ್ಕೂ ಬಿಡಲಿಲ್ಲ ನೋಡ್ರಿ,” ಅಂದ.

“ಮಿದುಳು ನಿಂತಿಲ್ಲ,” ಅಂತ ಹಿಂದಿನಿಂದ ಡಾಕ್ಟರ ದನಿ ಕೇಳಿತು. ಅವರೂ ಒಂದು ಮುಸುಕು ಹಾಕಿಕೊಂಡಿದ್ದರು. “ಗಾಯ ಮಾದೈತಿ, ದಿನಾ ಮಾಯಕೋತ ಬಂದೈತಿ. ಆದ್ರ ಕರದಿದ್ದು ಯಾಕ ಕೇಳಿಸಿಲ್ಲ?”

ಕೇಳಿಸಿತ್ತು. ಹಗಲಿನ ಕೂಗು ರಾತ್ರಿಯ ಕನಸಿಗೆ ಇಳಿದಿತ್ತು. ಅದು ಗೊತ್ತಾದದ್ದು ಆರನೆಯ ಕನಸಿನಲ್ಲಿ.

ರಸ್ತೆಯ ಬದಿ ಬೇವಿನ ಮರದ ಕೆಳಗೆ ಒಬ್ಬ ಗಂಡಸು ನಿಂತಿದ್ದ. ಮುಖ ಮಂಜು ಮಂಜು. ಆದರೆ ದನಿ ನಮ್ಮೆಲ್ಲರಿಗೂ ಚೆನ್ನಾಗಿ ಗೊತ್ತಿದ್ದದ್ದು. “ಏಳು! ಏಳು!” ಎಂದು ಕೂಗುತ್ತಿದ್ದ. ದುರ್ಗವ್ವ ತಕ್ಷಣ ಸೀಟಿ ಊದಿ ಬಸ್ಸು ನಿಲ್ಲಿಸಿದಳು. ಬಾಗಿಲಿಗೆ ಬಂದು, ನಾಲಿಗೆಗೆ ಬೆರಳು ತಾಗಿಸಿ, ಚಕಚಕನೆ ಏಳು ಟಿಕೆಟ್ ಹರಿದು ಕೈ ಚಾಚಿದಳು.

“ಉಳದವರು ಎಲ್ಲಿ ಅದಾರ? ಲಗೂನ ಹತ್ತಸ್ರಿ,” ಅಂದಳು.

ಆ ಗಂಡಸು ಮತ್ತೆ ಕೂಗಿದ, ಏಳು, ಏಳು. ಅವಳು ಮರದ ಹಿಂದೆ ಇಣುಕಿದಳು. ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಕಾದು, ತಲೆಯಾಡಿಸಿ, ‘ರೈಟ್’ ಅಂದಳು. ಬಸ್ಸು ಹೊರಟಿತು.

ಫಕೀರಪ್ಪ ಮುಸುಕು ಕಿತ್ತು ಎದ್ದು ನಿಂತ.

“ಅಯ್ಯ ನನ್ನ ಹೆಣಾ ಎತ್ತಲಿ! ನಾ ಅಕಿನ್ನ ಎಬ್ಬಸಾಕತ್ತೀನಿ, ಅಕಿ ಏಳು ಟಿಕೆಟ್ ಹರಿಯಾಕತ್ತಾಳ!”

ಯಾರಿಗೂ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಡಾಕ್ಟರು ಮುಸುಕು ಸರಿಸಿ, ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಮುಂದಿನ ಕನಸುಗಳಲ್ಲೆಲ್ಲ ಅವನಿದ್ದ, ಅವನ ಕೂಗಿತ್ತು. ಒಂದು ರಾತ್ರಿಯೂ ಅವಳು ಅವನನ್ನು ದಾಟಿ ಸುಮ್ಮನೆ ಹೋಗಿರಲಿಲ್ಲ. ಪ್ರತಿ ಸಲ ನಿಲ್ಲಿಸಿದ್ದಳು, ಪ್ರತಿ ಸಲ ಏಳು ಟಿಕೆಟ್ ಹರಿದಿದ್ದಳು. ನಲವತ್ತನೆಯ ರಾತ್ರಿಯ ಹೊತ್ತಿಗೆ ಬಸ್ಸಿನಲ್ಲಿ ಏಳು ಸೀಟು ಖಾಲಿ ಇಟ್ಟು, ಅಜ್ಜಿಯನ್ನೂ ಕೋಳಿಯನ್ನೂ ಎಬ್ಬಿಸಿ ಹಿಂದೆ ಕಳಿಸಿದ್ದಳು. “ಏಳು ಮಂದಿ ಬರೋರದಾರ, ಜಾಗಾ ಬಿಡ್ರಿ,” ಅನ್ನುತ್ತಿದ್ದಳು. ಕೊನೆಯ ಕನಸಿನಲ್ಲಿ ಬಸ್ಸು ಬಯಲಲ್ಲಿ ನಿಂತುಬಿಟ್ಟಿತ್ತು. ದೀಪಗಳು ಸಣ್ಣಗಾಗಿದ್ದವು. ಪ್ರಯಾಣಿಕರೆಲ್ಲ ಇಳಿದುಹೋಗಿದ್ದರು. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು, ಏಳು ಮಂದಿಗಾಗಿ ಕತ್ತಲಿನ ಕಡೆ ನೋಡುತ್ತಿದ್ದಳು. ದಣಿದಿದ್ದಳು ಪಾಪ, ತೂಕಡಿಸುತ್ತಿದ್ದಳು.

“ಕನಸಿನೊಳಗ ನಿದ್ದಿ ಹತ್ತಿದ್ರ ಮುಂದ ಕರಿಯಾಕ ಬರೂದಿಲ್ಲ,” ಡಾಕ್ಟರ್ ಅಂದರು. “ಈಗಲೇ ಕರೀಬೇಕು. ಆದ್ರ ಏಳು ಅನಬ್ಯಾಡ್ರಿ. ಎಚ್ಚರಾಗು ಅನ್ರಿ.”

“ಹೆಸರು ಹಿಡದು ಕರೀರಿ,” ನಾನು ಅಂದೆ.

ಫಕೀರಪ್ಪ ತಲೆಯಾಡಿಸಿದ. “ಅಕಿ ಡ್ಯೂಟಿ ಮ್ಯಾಲ ಅದಾಳ್ರಿ. ಡ್ಯೂಟಿ ಮ್ಯಾಲ ನಾ ಅಕಿಗೆ ಗಂಡ ಅಲ್ಲ. ಬಸ್ಸಿನ್ಯಾಗ ಮಾತಾಡಿಸಿದ್ರ ಹೊಳ್ಳಿ ಸುದ್ದಾ ನೋಡಾಕಿ ಅಲ್ಲ.”

ಮೈಕನ್ನು ಹತ್ತಿರಕ್ಕೆ ಎಳೆದುಕೊಂಡ. ಅಷ್ಟು ದಿನದಲ್ಲಿ ಮೊದಲ ಸಲ ಅವನು ಕೂಗಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ನಿಂತ ಕಂಡಕ್ಟರಿಗೆ ಹೇಳುವಷ್ಟೇ ದನಿಯಲ್ಲಿ ಹೇಳಿದ:

“ಒಂದು ಕೊಡ್ರಿ.”

ಕೆಳಗಿನ ಕೋಣೆಯಲ್ಲಿ ಮಲಗಿದ್ದ ಅವಳ ಮುಖ, ಕೈ ಪರದೆಯಲ್ಲಿ ಕಾಣುತ್ತಿದ್ದವು. ಏನೂ ಆಗಲಿಲ್ಲ. ನಾನು ಯಾವ ಯಾವ ದೇವರಿಗೆ ಏನೇನು ಹರಕೆ ಹೊತ್ತೆನೋ ನೆನಪಿಲ್ಲ. ಆಮೇಲೆ ಅವಳ ಬಲಗೈ ಹೆಬ್ಬೆರಳು ಅಲ್ಲಾಡಿತು, ಟಿಕೆಟ್ ಹರಿಯುವ ಹಾಗೆ, ಒಂದೇ ಸಲ. ಒಣಗಿದ ತುಟಿ ಬಿಚ್ಚಿತು.

“ಎಲ್ಲಿಗ್ರಿ?”

ಫಕೀರಪ್ಪ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ. ಭುಜ ಕುಣಿಯುತ್ತಿತ್ತು. ನಾನು ಅವನ ಬೆನ್ನಿಗೆ ಕೈ ಹಾಕಿ “ಹೇಳ್ರಿ ಅಣ್ಣಾರ, ಹೇಳ್ರಿ” ಅಂದೆ.

“ಮನೀಗೆ,” ಅಂದ.

ಕಣ್ಣು ಮುಚ್ಚಿಕೊಂಡೇ ಅವಳು ಹುಬ್ಬು ಗಂಟಿಕ್ಕಿದಳು. “ಮನಿ ಅಂದ್ರ? ಎಲ್ಲಾರಿಗೂ ಮನಿ ಐತಿ. ಸ್ಟಾಪಿನ ಹೆಸರು ಹೇಳ್ರಿ.”

“ಗಿರಣಿ ಓಣಿ.”

ಅವಳ ಹುಬ್ಬಿನ ಗಂಟು ಬಿಚ್ಚಿತು. ಮುಖ ನಿಧಾನವಾಗಿ ಸಡಿಲವಾಯಿತು.

“ತಡೀರಿ ಹಂಗಾದ್ರ,” ಅಂದಳು ದುರ್ಗವ್ವ. “ನಾನೂ ಅಲ್ಲೇ ಇಳಿಯಾಕಿ.” ಕಣ್ಣು ಬಿಟ್ಟಳು.